ನಾಲ್ಕು ಮಿಲಿಮೀಟರ್

ಈ ಕಿಟಕಿಯನ್ನು ನಾನು ಅಳೆಯುತ್ತಿರುವುದು ಮೂರನೆಯ ಸಲ.
ಐದನೆಯ ಮಹಡಿ, ಅಡುಗೆಮನೆ, ಉತ್ತರಕ್ಕೆ ಮುಖ.
ಸ್ಟೆಫಾನಿಯಾ ಹ್ನಾತಿವ್ನಾ ಟೇಪಿನ ತುದಿ ಹಿಡಿಯುತ್ತಾಳೆ,
ಹೇಳಿಕೊಡಬೇಕಾಗಿಲ್ಲ.
ಎಂಬತ್ತೆರಡರ ಕೈ, ಲೆಕ್ಕ ಕಲಿಸಿದ ಕೈ,
ನಡುಗುತ್ತದೆ; ಸೊನ್ನೆಯ ಗೆರೆ ಮಾತ್ರ ಬಿಡುವುದಿಲ್ಲ.

ಖಾರ್ಕಿವ್‌ನ ಈ ಬಡಾವಣೆಯಲ್ಲಿ ನನಗೀಗ
ಮುಖಕ್ಕಿಂತ ಕಿಟಕಿಯ ಅಗಲ ನೆನಪು.
ನೂರಾ ಮೂವತ್ತೊಂದು ಎದುರಿಗೆ ಬರುತ್ತಿದ್ದಾನೆ:
ಹೆಂಡತಿ ಪೋಲೆಂಡಿನಲ್ಲಿ, ಮಗನ ವಿಷಯ ಕೇಳಬಾರದು.
ತೊಂಬತ್ತಾರು ಈಗಿಲ್ಲ.
ಅವಳ ಗಾಜು ನನ್ನ ಗೋದಾಮಿನಲ್ಲಿ ಗೋಡೆಗೊರಗಿದೆ,
ಹಣ ಸಂದಾಯವಾಗಿದೆ, ಚೀಟಿ ಅಂಟಿದೆ,
ಅದರೊಳಗೆ ನಾನೊಬ್ಬನೇ ಕಾಣುತ್ತೇನೆ.

ಗಾಜು ಬರುವುದು ಟರ್ಕಿಯಿಂದ.
ಒಂದು ಸಲ ಪೆಟ್ಟಿಗೆಯಲ್ಲಿ ಕಾಗದ, ಅರಬಿಯಲ್ಲಿ.
ಫೋನು ಹಿಡಿದು ಓದಿಸಿದೆ:
‘ನಾನು ಘಿಯಾಸ್. ಅಲೆಪ್ಪೊದಲ್ಲಿ ನಿನ್ನದೇ ಕಸುಬು.
ಗಾಜಿಗೆ ಟೇಪು ಅಂಟಿಸಬೇಡ, ಚೂರು ದೊಡ್ಡದಾಗುತ್ತದೆ ಅಷ್ಟೆ.
ಚಿಲಕ ಹಾಕಬೇಡಿ ಅನ್ನು, ಗಾಳಿಗೆ ದಾರಿಯಿರಲಿ.
ಮಕ್ಕಳು ಮಲಗುವಲ್ಲಿ ಪ್ಲಾಸ್ಟಿಕ್ ಹಾಳೆ ಹೊಡೆ,
ರಾತ್ರಿಯೆಲ್ಲ ಅದು ಉಸಿರಾಡುತ್ತದೆ, ಹೆದರಬೇಡ.’
ಕೊನೆಗೆ, ಬೇರೆ ಶಾಯಿಯಲ್ಲಿ:
‘ಆ ವಿಮಾನದ ಸದ್ದು ನನಗೂ ಗೊತ್ತು.’

ಕೋಣಗಳೆರಡು ಗುದ್ದಾಡಿದರೆ ಗಿಡಕ್ಕೆ ಸಾವು,
ಅನ್ನುತ್ತಾರೆ. ಗಾದೆ ಹೇಳುವವರಿಗೆ ಸುಲಭ.
ಇಲ್ಲಿ ಕೋಣ ಕಾಣುವುದೇ ಇಲ್ಲ.
ಈ ಕಿಟಕಿಯ ಕಟ್ಟೆಯ ಮೇಲೆ ಮೊನ್ನೆ ಸಿಕ್ಕಿದ್ದು
ಉಗುರಿನಷ್ಟು ಹಸಿರು ತುಂಡು, ತಾಮ್ರದ ಗೆರೆ,
ಎರಡು ಲಿಪಿಗಳ ಅಕ್ಷರ.
ಇಂಥದೇ ನಮ್ಮ ಬಟ್ಟೆ ಒಗೆಯುವ ಯಂತ್ರದಲ್ಲೂ ಇದೆ ಎಂದ
ಕೆಳಮನೆಯ ಹುಡುಗ ಯಾರೆಮಾ.
ಯಾವ ದೇಶದಲ್ಲೋ, ಹಗಲು ಪಾಳಿಯಲ್ಲಿ,
ಬಿಳಿ ಟೋಪಿಯ ಹೆಂಗಸು ಚಿಮುಟದಲ್ಲಿ ಎತ್ತಿಟ್ಟಿರಬೇಕು ಇದನ್ನು;
ಮನೆಗೆ ಹೋಗಿ ಮಗುವಿಗೆ ತುತ್ತು ಕೊಟ್ಟಿರಬೇಕು.
ಅವಳ ಮೇಲೆ ಸಿಟ್ಟಾಗಲು ನೋಡಿದೆ.
ಆಗಲಿಲ್ಲ.

ಹಲಗೆ ಹೊಡೆದು ಅಂಗೈಯಗಲದ ಬೆಳಕಿಂಡಿ ಬಿಡಲೇ, ಅಮ್ಮ?
ಸಾಲದು, ಎಂದಳು.
ಅಷ್ಟರಲ್ಲಿ ಏನು ಬರುತ್ತಿದೆ ಎಂದಷ್ಟೇ ಕಾಣುತ್ತದೆ.
ಯಾರು ಬರುತ್ತಿದ್ದಾರೆ ಎಂದು ಕಾಣಲು
ಕಿಟಕಿಯೇ ಬೇಕು.

ರೇಡಿಯೋದಲ್ಲಿ ಮಾತುಕತೆಯ ಸುದ್ದಿ.
ದೂರದ ಊರಿನ ಹೋಟೆಲಿನಲ್ಲಿ ನಕ್ಷೆ ಹರಡಿದ್ದಾರೆ,
ಗೆರೆ ಇಲ್ಲಿರಲಿ ಎಂದು ಒಬ್ಬರು, ಒಂದಿಷ್ಟು ಆಚೆ ಎಂದು ಇನ್ನೊಬ್ಬರು.
ಚಿತ್ರ ಕಂಡಿದ್ದೇನೆ. ಆ ಕೋಣೆಯ ಒಂದು ಗೋಡೆ ಪೂರ್ತಿ ಗಾಜು,
ಒಂದೇ ಹಾಳೆ, ಎಲ್ಲೂ ಬೆಸುಗೆಯಿಲ್ಲ, ಆಚೆ ಸರೋವರ.
ಕಸುಬಿನವನಾಗಿ ಹೇಳಬೇಕೆಂದರೆ,
ಒಳ್ಳೆ ಕೆಲಸ.

ಎತ್ತರ ಸರಿ. ಅಗಲ...
ಇನ್ನೊಮ್ಮೆ ಹಿಡಿಯಿರಿ.
ಹಳೆಯ ಪುಸ್ತಕ ತೆರೆದೆ.
ಮೊದಲ ಸಲ ನೂರಾ ನಲವತ್ತೆರಡು, ಎರಡನೆಯ ಸಲವೂ ಅದೇ.
ಆ ನಂಬಿಕೆಯ ಮೇಲೆಯೇ ಕೊಯ್ದು ತಂದಿದ್ದೆ ಗಾಜು.
ನಾಲ್ಕು ಮಿಲಿಮೀಟರ್ ಹೆಚ್ಚಾಗಿದೆ.
ಟೇಪು ತಪ್ಪಿಲ್ಲ, ಕೈ ತಪ್ಪಿಲ್ಲ.
ಮನೆಯೇ ಜರುಗಿದೆ.
ಒಂಬತ್ತು ಮಹಡಿ, ಮೂವತ್ತಾರು ಒಲೆ,
ಬೀಗ ಹಾಕಿ ಹೋದವರ ಗಡಿಯಾರ, ಪಿಯಾನೋ, ಉಪ್ಪಿನ ಡಬ್ಬಿ,
ಎಲ್ಲ ಸೇರಿ ಒಂದು ಗೋಧಿಕಾಳಿನ ಅಗಲ
ವಾಲಿಕೊಂಡು ನಿಂತಿವೆ,
ಬಸ್ಸಿನಲ್ಲಿ ಯಾರಿಗೋ ಜಾಗ ಬಿಟ್ಟವರ ಹಾಗೆ.

ಎಷ್ಟು? ಎಂದಳು.
ನಾಲ್ಕು.
ವರ್ಷಕ್ಕೋ, ಸಲಕ್ಕೋ?
ಲೆಕ್ಕದ ಮೇಡಂ. ನಾನು ಉತ್ತರ ಕೊಡಲಿಲ್ಲ.

ಅಷ್ಟು ಸಣ್ಣ ಪಟ್ಟಿ ಒಂದೇ ತುಂಡಾಗಿ ಬರುವುದಿಲ್ಲ,
ಇಕ್ಕಳದಲ್ಲಿ ಕಚ್ಚಿ ಕಚ್ಚಿ ತೆಗೆಯಬೇಕು.
ಅವಳು ಪೊರಕೆ ತಂದಳು. ಈಗೆಲ್ಲರ ಮನೆಯಲ್ಲೂ
ಪೊರಕೆ ಬಾಗಿಲ ಬಳಿಯೇ ಇರುತ್ತದೆ.

ಗಾಜು ಕೂತಿತು. ಮೇಣ ಒತ್ತಿದೆ.
ಒಣಗಲು ಹದಿನೈದು ದಿನ, ಮುಟ್ಟಬೇಡಿ ಎಂದೆ.
ಅವಳಿಗೆ ನಗು ಬಂತು, ಕೆಮ್ಮೂ ಬಂತು.
ನನಗೇಕೆ ಹೇಳುತ್ತೀಯಪ್ಪ, ಎಂದು
ಹೊಸ ಗಾಜಿನಾಚೆಗೆ ಗಲ್ಲ ಎತ್ತಿ ತೋರಿಸಿದಳು.

ಪುಸ್ತಕದಲ್ಲಿ ಹೊಸ ಅಳತೆ ಬರೆದುಕೊಂಡೆ,
ಪೆನ್ಸಿಲಿನಲ್ಲಿ.